ಬದಲಿ ಮನೆ ಹಿಡಿಯದ ಮೇಷ್ಟ್ರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಮಾಧಾನವಾಗುವುದಿಲ್ಲ. “ಉತ್ತರ ಹೇಳಿದವರ ಹೆಸರು ಅವರ ಹೊಸ್ತಿಲಲ್ಲೇ ಉಳೀಬೇಕು ಕಣಪ್ಪ, ನಾವು ಹೊತ್ಕೊಂಡು ಬರೋದು ಉತ್ತರ ಮಾತ್ರ” ಎಂದು ನಮಗೆಲ್ಲ ಪಾಠ ಹೇಳಿದವರು ಅವರು. ಚನ್ನರಾಯಪಟ್ಟಣದ ಕಡೆಯ ಜೈನರ ಮನೆತನ. ಕೆಲವು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿ, ಆಮೇಲೆ ಅದನ್ನು ಬಿಟ್ಟು, ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಳ್ಳುವ ಈ ವಿಚಿತ್ರವಾದ ಕಸುಬಿಗೆ ಬಂದಿದ್ದರು. ಸ್ಕೂಲು ಬಿಟ್ಟರೂ ಮೇಷ್ಟ್ರು ಎಂಬ ಹೆಸರು ಅವರನ್ನು ಬಿಡಲಿಲ್ಲ. ಹೋದ ತಿಂಗಳು ಅವರು ತೀರಿಕೊಂಡರೆಂದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಹೇಳಿದವರಿಗೆ ಅದು ನಾಲ್ಕು ಸುದ್ದಿಗಳಲ್ಲಿ ಒಂದು. ನನಗೆ ಹಾಗಲ್ಲ. ಮೇಷ್ಟ್ರಿಗೆ ನಾನು ಒಂದು ಮಾತು ಕೊಟ್ಟಿದ್ದೆ. ಅದನ್ನು ನಡೆಸಲು ಎರಡು ವರ್ಷ ಸಮಯವಿತ್ತು, ನಡೆಸಿರಲಿಲ್ಲ.

ಅವರನ್ನು ಮೊದಲು ನೋಡಿದಾಗ ನನಗೆ ನಗು ಬಂದಿತ್ತು. ಯುದ್ಧಕ್ಕೆ ಮುಂಚಿನ ಮಾತು. ಮದರಾಸಿನ ಒಂದು ಸೋಪಿನ ಕಂಪನಿಯವರು ನಮ್ಮ ಜಿಲ್ಲೆಯಲ್ಲಿ ಜನ ಮೈಗೆ, ಬಟ್ಟೆಗೆ ಏನು ಉಪಯೋಗಿಸುತ್ತಾರೆ ಎಂದು ತಿಳಿದುಕೊಳ್ಳಲು ನಾಲ್ಕು ಜನರನ್ನು ನೇಮಿಸಿದ್ದರು. ಇಂಟರ್‌ಮೀಡಿಯೆಟ್ ಫೇಲಾಗಿ ನಮ್ಮ ತಂದೆಯ ದಿನಸಿ ಅಂಗಡಿಯಲ್ಲಿ ಬೈಸಿಕೊಂಡು ಕೂತಿದ್ದ ನಾನು ಆ ನಾಲ್ವರಲ್ಲಿ ಒಬ್ಬ, ಮೇಷ್ಟ್ರು ನಮ್ಮ ಮೇಲಿನವರು. ಮುಚ್ಚುಕೋಟು, ಬಿಳಿ ರುಮಾಲು, ನೀರು ಸೋಸಿ ಕುಡಿಯಲು ಹೆಗಲ ಮೇಲೊಂದು ಮಡಿಸಿದ ಬಟ್ಟೆ. ಕಂಪನಿ ಅವರಿಗೊಂದು ಬೈಸಿಕಲ್ ಕೊಟ್ಟಿತ್ತು. ಅವರಿಗೆ ಹತ್ತಲು ಬರುತ್ತಿರಲಿಲ್ಲ. ಹಾಗಂತ ಬಿಟ್ಟು ಹೋಗುವವರೂ ಅಲ್ಲ. ಹಿಂದಿನ ಕ್ಯಾರಿಯರಿಗೆ ಕಾಗದದ ಕಟ್ಟು ಬಿಗಿದು, ದನ ಹೊಡೆದುಕೊಂಡು ಹೋಗುವವರ ಹಾಗೆ ಅದನ್ನು ತಳ್ಳಿಕೊಂಡು ಹಾಸನದಿಂದ ಬೂವನಹಳ್ಳಿಯವರೆಗೆ ನಡೆದೇ ಹೋಗುತ್ತಿದ್ದರು. “ಹತ್ತಿಕೊಳ್ಳಿ ಮೇಷ್ಟ್ರೇ, ನಾನು ಹಿಡ್ಕೋತೀನಿ” ಎಂದರೆ, “ಅದು ನನ್ನ ಹೊರೋದಕ್ಕಲ್ಲ, ಕಾಗದ ಹೊರೋದಕ್ಕೆ ಕೊಟ್ಟಿರೋದು” ಎನ್ನುತ್ತಿದ್ದರು.

ನನ್ನ ಮೊದಲನೇ ವಾರದ ಕೆಲಸವನ್ನು ಅವರು ಹರಿದು ಹಾಕಿದರು. ಬೂವನಹಳ್ಳಿಯಲ್ಲಿ ನಾನು ಕೇಳಿದ ಮನೆಗಳಲ್ಲೆಲ್ಲ ಸೋಪು ಉಪಯೋಗಿಸುತ್ತಾರೆ ಎಂದು ಬರೆದುಕೊಂಡು ಬಂದಿದ್ದೆ. ಹೆಮ್ಮೆಯಿಂದ ಮುಂದಿಟ್ಟೆ. ಅವರು ಎಲ್ಲವನ್ನೂ ಓದಿ, ತಲೆಯೆತ್ತಿ, “ಏನಂತ ಕೇಳಿದೆ?” ಎಂದರು. “ನೀವು ಸೋಪು ಹಾಕ್ಕೊಂಡು ಸ್ನಾನ ಮಾಡ್ತೀರಲ್ಲವೇ ಅಂತ ಕೇಳಿದೆ” ಅಂದೆ. ನನ್ನನ್ನು ಅದೇ ಊರಿಗೆ ವಾಪಸು ಕರೆದುಕೊಂಡು ಹೋದರು. ಮೊದಲ ಮನೆಯ ಅಜ್ಜಿಯ ಮುಂದೆ ಕೂತು, ಮಳೆ ಬೆಳೆ ವಿಚಾರಿಸಿ, “ಅವ್ವಾ, ಬಟ್ಟೆ ಎಂಗೆ ಒಗೀತೀರಿ?” ಎಂದು ಕೇಳಿದರು. “ಎಂಗೇನು ಸಾ, ಚೌಳು ಮಣ್ಣು ಕಲ್ಸಿ ಒಗೀತೀವಿ.” “ತಲೆಗೆ?” “ಸೀಗೆಪುಡಿ. ಅಬ್ಬಕ್ಕೆ ಎಣ್ಣೆ ಒತ್ಕಂಡ್ರೆ ಅಂಟುವಾಳ.” “ಮೊನ್ನೆ ಈ ಹುಡುಗ ಬಂದಾಗ ಸೋಪು ಅಂದ್ರಂತಲ್ಲ?” ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. “ಊಂ ಅಂದೆ. ಕೊಡಕ್ ಬಂದವ್ನೇನೋ ಅನ್ಕಂಡೆ, ಇಲ್ಲ ಅಂದ್ರೆ ಮುಂದಿನ್ ಮನೆಗೆ ಒಂಟೋಗ್ತಾನೆ ಅಂತ.”

ದಾರಿಯಲ್ಲಿ ಬರುತ್ತಾ ಅವರು ನನ್ನನ್ನು ಬಯ್ಯಲಿಲ್ಲ. ಪ್ರಶ್ನೆಯೊಳಗೇ ಉತ್ತರ ಇಟ್ಟು ಕೇಳಿದರೆ ಜನ ಅದನ್ನೇ ಎತ್ತಿ ನಮಗೆ ವಾಪಸು ಕೊಡುತ್ತಾರೆ, ನಮ್ಮ ಕಡೆಯವರಿಗೆ ಮನೆಗೆ ಬಂದವರ ಮಾತು ತೆಗೆದುಹಾಕಿ ಅಭ್ಯಾಸವಿಲ್ಲ ಎಂದರು. ಕಂಪನಿಯ ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅಲ್ಲಿದ್ದ ಒಂದೊಂದು ಮಾತಿಗೂ ಮೇಷ್ಟ್ರು ಒಂದು ಕನ್ನಡದ ಮಾತು ಕಟ್ಟಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಹೀಗೆ ಕೇಳುವುದಕ್ಕೆ ಅವರು ಇಟ್ಟ ಹೆಸರು ‘ಉಣಿಸುವ ಪ್ರಶ್ನೆ’. ಪ್ರಶ್ನೆಗಳ ಹಾಳೆ ‘ಕೇಳುಪಟ್ಟಿ’. ನಾವೆಲ್ಲ ಸಭ್ಯವಾಗಿ ತೋರಲೆಂದು ಉತ್ತರ ಕೊಡುವವರನ್ನು ‘ಪ್ರಜೆಗಳು’ ಎಂದು ಬರೆದರೆ ಹೊಡೆದುಹಾಕಿ ‘ಮನೆಯವರು’ ಎಂದು ತಿದ್ದುತ್ತಿದ್ದರು.

ಊರಿನಲ್ಲಿ ಎಲ್ಲ ಮನೆಗೂ ಹೋಗದೆ ಕೆಲವೇ ಮನೆ ಆರಿಸಿ ಕೇಳುವುದಕ್ಕೆ ‘ಮಾದರಿ’ ಎನ್ನುತ್ತಿದ್ದರು. ನಾನು ಜಾಣತನ ತೋರಿಸಲು ಹೋಗಿ, “ಗೊತ್ತಾಯ್ತು ಮೇಷ್ಟ್ರೇ, ಅನ್ನ ಬೆಂದಿದೆಯೇ ಅಂತ ಒಂದಗುಳು ಹಿಸುಕಿ ನೋಡಿದ ಹಾಗೆ” ಅಂದೆ. “ಅಲ್ಲ” ಎಂದು ಅಲ್ಲೇ ನಿಂತರು. “ಅನ್ನದ ಪಾತ್ರೆ ಒಂದೇ ಒಲೆ ಮೇಲೆ ಇರುತ್ತೆ. ಊರು ಹಾಗಿದೆಯೇನಪ್ಪ? ಗೌಡರ ಬೀದಿಗೊಂದು ಒಲೆ, ಕೇರಿಗೊಂದು ಒಲೆ. ಗೌಡರ ಬೀದೀಲಿ ಅಗುಳು ಹಿಸುಕಿ ಕೇರೀಲೂ ಅನ್ನ ಬೆಂದಿದೆ ಅಂತ ಹೇಳೋಕಾಗುತ್ತಾ?” ಆದ್ದರಿಂದಲೇ ಅವರ ಕಟ್ಟಳೆ: ಊರ ಬಾಗಿಲಿನಿಂದ ಕೊನೆಯ ಗುಡಿಸಲಿನವರೆಗೆ ಪ್ರತಿ ಬಾಗಿಲಿಗೂ ಕೆಮ್ಮಣ್ಣಿನಲ್ಲಿ ನಂಬರು ಹಾಕಬೇಕು. ಐದಕ್ಕೊಂದು ಮನೆ ಹಿಡಿಯಬೇಕು. ಆ ಐದನೆಯದು ಯಾರ ಮನೆಯಾದರೂ ಸರಿ, ಅದೇ ಮನೆ. ನಮ್ಮ ಜೊತೆಯವನೊಬ್ಬ ಕೇರಿಯ ಮನೆ ಬಂದಾಗ ಹೊರಗೇ ನಿಂತು ಮುಖ ಸಿಂಡರಿಸಿದ. ಮೇಷ್ಟ್ರು ಅವನ ಕೈಯಿಂದ ಕಾಗದ ತೆಗೆದುಕೊಂಡು ತಾವೇ ಹೋಗಿ ಆ ಗುಡಿಸಲ ಮುಂದಿನ ಒರಳುಕಲ್ಲಿನ ಮೇಲೆ ಕೂತರು.

ಹಳ್ಳಿಯ ಹೆಂಗಸರನ್ನು ಕೇಳುವುದೇ ಒಂದು ವಿದ್ಯೆ. ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗೆ ಹೋಗುತ್ತದೆ. ಮಕ್ಕಳೆಷ್ಟು ಎಂದರೆ ದೃಷ್ಟಿಯಾದೀತೆಂದು “ದೇವ್ರು ಕೊಟ್ಟಷ್ಟು” ಎನ್ನುತ್ತಾರೆ. ಮನೆಯಲ್ಲಿ ಎಷ್ಟು ಜನ ಎಂದು ಮೇಷ್ಟ್ರು ಒಂದು ದಿನವೂ ಕೇಳಿದ್ದಿಲ್ಲ. “ಬೆಳಿಗ್ಗೆ ಎಷ್ಟು ಮುದ್ದೆ ಕಟ್ತೀರವ್ವ?” ಎನ್ನುವರು. ಮುದ್ದೆಗೆ ದೃಷ್ಟಿಯಿಲ್ಲ. “ಒಂಬತ್ತು. ಎಲ್ಡು ಚಿಕ್ಕವು. ಅತ್ತೆಗೆ ಅರ್ಧ ಸಾಕು” ಎಂದು ಆಕೆ ಬೆರಳು ಮಡಿಸುತ್ತಿದ್ದಂತೆ ಮನೆಯ ಗಂಡಸರು, ಮಕ್ಕಳು, ಮುದುಕರು ಎಲ್ಲ ಕಾಗದದ ಮೇಲೆ ಬಂದು ಕೂರುತ್ತಿದ್ದರು. ಹೊಟ್ಟೆ ತುಂಬ ಉಣ್ಣುತ್ತಾರೋ ಇಲ್ಲವೋ ಎಂಬುದೂ ಅದರಲ್ಲೇ ತಿಳಿದುಬಿಡುತ್ತಿತ್ತು. ಆದರೆ ತಿಳಿದದ್ದನ್ನು ಉತ್ತರದ ಜಾಗದಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಅವರು ಹೇಳಿದ್ದು ಒಂದು ಕಡೆ, ನಾವು ಕಂಡದ್ದು ಅಂಚಿನಲ್ಲಿ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ ಎನ್ನುತ್ತಿದ್ದರು.

ಅವರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವವರಲ್ಲ. ನಮ್ಮ ಕೆಲಸವೋ, ಜನ ಹೊಲದಿಂದ ಬರುವ ಹೊತ್ತಿಗೇ ಶುರುವಾಗಬೇಕು. ಹಗಲು ಹೋದರೆ ಮುದುಕರು, ಕೂಸುಗಳು ಬಿಟ್ಟು ಇನ್ನಾರೂ ಸಿಗುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾಲ್ಕು ಮನೆ ಮುಗಿಸಿ ಬಂದು ನಾವು ಸಾರು ಮುದ್ದೆಗೆ ಕೂತರೆ ಮೇಷ್ಟ್ರು ಒಂದು ಮೂಲೆಯಲ್ಲಿ ಕೂತು ಕಾಗದ ಸರಿಪಡಿಸುತ್ತಿದ್ದರು. “ಬೇಗ ಊಟ ಮುಗಿಸಿ ಆಮೇಲೆ ಹೊರಡೋಣ ಅಂದ್ರೆ ಕೇಳಲ್ಲವಲ್ಲ ನೀವು” ಎಂದು ನಾನು ರೇಗಿದರೆ, “ಹೊತ್ತಿಗೆ ಮುಂಚೆ ಉಣ್ಣೋಕೆ ಕೂತ್ರೆ ಆ ಹೊತ್ತಿಗೆ ಹೊಲದಿಂದ ಬಂದವನು ತಪ್ಪಿಹೋಗ್ತಾನಲ್ಲಪ್ಪ” ಎನ್ನುತ್ತಿದ್ದರು. ಅಂಥ ಎಷ್ಟು ದಿನ ಅವರು ಹೊಟ್ಟೆಗಿಲ್ಲದೆ ಮಲಗಿದರೋ, ಲೆಕ್ಕ ಇಟ್ಟವರಿಲ್ಲ. ನಮಗಂತೂ ಆಗ ಅದು ತಮಾಷೆಯ ವಿಷಯ.

ಅವರ ಕಟ್ಟಳೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಬಾಗಿಲು ಮುಚ್ಚಿದ ಮನೆಯದು. ನಮ್ಮ ಮಾದರಿಗೆ ಬಂದ ಮನೆ ಮುಚ್ಚಿದ್ದರೆ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು. ಮೂರು ಸಲವೂ ಮುಚ್ಚಿದ್ದರೆ ನೆರೆಯವರನ್ನು ಕೇಳಿ, ಅವರು ಎಲ್ಲಿ ಹೋಗಿದ್ದಾರೆ, ಯಾಕೆ ಹೋಗಿದ್ದಾರೆ ಎಂದು ಬರೆದು, ಉತ್ತರದ ಜಾಗವನ್ನು ಖಾಲಿ ಬಿಡಬೇಕು. ಪಕ್ಕದ ಮನೆಗೆ ನುಗ್ಗಿ ಅವರ ಉತ್ತರವನ್ನು ಇಲ್ಲಿ ತುಂಬಬಾರದು. ಹಾಗೆ ತುಂಬುವುದನ್ನು ಅವರು ‘ಬದಲಿ ಮನೆ ಹಿಡಿಯುವುದು’ ಎಂದು ಕರೆಯುತ್ತಿದ್ದರು. ಆ ಮಾತು ಹೇಳುವಾಗ ಅವರ ಮುಖ ಕಳ್ಳತನದ ಮಾತು ಹೇಳುವವರಂತೆ ಆಗುತ್ತಿತ್ತು. “ಮುಚ್ಚಿದ ಮನೆ ತೆರೆದ ಮನೆ ಹಾಗೇ ಇರುತ್ತೆ ಅಂತ ನಿನಗೆ ಯಾರು ಹೇಳಿದ್ರು? ಅದು ಯಾಕೆ ಮುಚ್ಚಿದೆ ಅನ್ನೋದೇ ಒಂದು ಉತ್ತರ” ಎನ್ನುತ್ತಿದ್ದರು. ಸೋಪಿನ ಕೆಲಸದಲ್ಲಿ ಇಷ್ಟೆಲ್ಲ ಮಡಿ ಯಾಕೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಯುದ್ಧ ಬಂತು. ಕಂಪನಿ ಸೋಪಿನ ವಿಚಾರ ಕೈಬಿಟ್ಟಿತು. ಧಾನ್ಯದ ಅಭಾವ ಶುರುವಾದಾಗ ಇಂಥ ಕೆಲಸ ಗೊತ್ತಿದ್ದವರು ಬೇಕೆಂದು ನಮ್ಮಿಬ್ಬರನ್ನೂ ಒಂದು ಕಚೇರಿಯವರು ಕರೆಸಿಕೊಂಡರು. ಯಾವ ಹಳ್ಳಿಯಲ್ಲಿ ಜನರಿಗೆ ಎಷ್ಟು ತಿಂಗಳಿಗೆ ರಾಗಿಯಿದೆ ಎಂದು ತಿಳಿದು, ಸಾಲದ ಕಡೆ ಧಾನ್ಯದ ಡಿಪೋ ತೆರೆಯಬೇಕು. ಮೇಷ್ಟ್ರು ಆ ಕೆಲಸಕ್ಕೆ ಹೋದದ್ದು ಮಗಳ ಮದುವೆ ಹೊತ್ತವರ ಹಾಗೆ. ಕಾಳು ತುಂಬಿಡುವ ಹಗೇವಿನಲ್ಲಿ ಎಷ್ಟಿದೆ ಎಂದು ಕೇಳಿದರೆ ಸರ್ಕಾರ ಎತ್ತಿಕೊಂಡು ಹೋಗುತ್ತದೆಂದು ಜನ ಮುಚ್ಚಿಡುತ್ತಾರೆ, ಆದ್ದರಿಂದ ಮನೆಯ ರಾಗಿ ಯಾವ ಹಬ್ಬದವರೆಗೆ ಬರುತ್ತದೆ ಎಂದು ಕೇಳಿ ಎಂದು ಕೇಳುಪಟ್ಟಿಯನ್ನೇ ತಿದ್ದಿಸಿದರು. ನಾವು ಬರೆದು ತಂದದ್ದರಲ್ಲಿ ಹತ್ತಕ್ಕೊಂದು ಮನೆಗೆ ತಾವೇ ಮತ್ತೆ ಹೋಗಿ ಕೇಳಿ ಸರಿನೋಡುತ್ತಿದ್ದರು. ಬಂದವರೆಲ್ಲರ ಕೆಲಸವನ್ನೂ ನೋಡುತ್ತಿದ್ದರು. ನನ್ನದನ್ನು ಮಾತ್ರ ಆ ಹೊತ್ತಿಗೆ ನೋಡುವುದು ಬಿಟ್ಟಿದ್ದರು. “ಇವನು ನನ್ನ ಕೈಯಲ್ಲಿ ಪಳಗಿದವನು” ಎಂದು ಕಚೇರಿಯಲ್ಲಿ ಹೇಳಿಕೊಂಡಿದ್ದರು.

ನನಗೆ ಬಂದದ್ದು ಹಳ್ಳಿಮೈಸೂರಿನಿಂದ ಅರಕಲಗೂಡಿನ ದಾರಿಯಲ್ಲಿ ಸ್ವಲ್ಪ ಒಳಗಿರುವ ಒಂದು ಹಳ್ಳಿ. ಸಂಕ್ರಾಂತಿ ಕಳೆದಿತ್ತು. ನಂಬರು ಹಾಕಿ ಮುಗಿಸಿ ಐದಕ್ಕೊಂದು ಮನೆ ಹಿಡಿದು ಹೊರಟರೆ, ನನ್ನ ಪಟ್ಟಿಯಲ್ಲಿ ಬಂದ ಆರು ಮನೆಗಳು ಮುಚ್ಚಿವೆ. ಬೀಗವೇನಿಲ್ಲ, ಬೀಗ ಹಾಕಿಕೊಳ್ಳುವಂಥ ಮನೆಗಳೂ ಅಲ್ಲ. ತಡಿಕೆ ಬಾಗಿಲಿಗೆ ಅಡ್ಡಲಾಗಿ ಒಂದೊಂದು ಜಾಲಿಮುಳ್ಳಿನ ಕೊಂಬೆ. ಎದುರು ಮನೆಯ ಮುದುಕ, “ಅವ್ರು ಗಟ್ಟದ್ ಕಡೆ ಓಗವ್ರೆ ಸಾ, ಕಾಪಿ ಅಣ್ಣು ಕುಯ್ಯಕ್ಕೆ. ಮನೇಲಿ ಕಾಳಿಲ್ದಿದ್ರೆ ಇನ್ನೇನ್ ಮಾಡಾರು? ಯುಗಾದಿಗ್ ಬತ್ತಾರೆ” ಎಂದ. ಅಷ್ಟು ಬಿಡಿಸಿ ಹೇಳಿದ. ಇಷ್ಟನ್ನು ಬರೆದುಕೊಂಡು, ಜಾಗ ಖಾಲಿ ಬಿಟ್ಟು ಬಂದಿದ್ದರೆ ಸಾಕಾಗಿತ್ತು.

ಆದರೆ ನನ್ನ ಜೇಬಿನಲ್ಲಿ ನಮ್ಮ ತಂದೆಯ ಕಾಗದವಿತ್ತು. ಹೊಳೆನರಸೀಪುರದಲ್ಲಿ ಹೆಣ್ಣು ನೋಡಲು ಮಾರನೆಯ ದಿನವೇ ಬರಬೇಕೆಂದು ಬರೆದಿದ್ದರು. ಮೂರು ಸಲ ಹೋಗಿ ಬಂದೆನೆಂದು ಬರೆಯಬೇಕಾದರೆ ಇನ್ನೆರಡು ದಿನ ಆ ಊರಲ್ಲೇ ಇರಬೇಕು. ಆರು ಜಾಗ ಖಾಲಿ ಬಿಟ್ಟರೆ ಮೇಷ್ಟ್ರು ಆರಕ್ಕೂ ಕಾರಣ ಕೇಳುತ್ತಾರೆ, ಒಂದೇ ದಿನದಲ್ಲಿ ಬಂದದ್ದು ಬಯಲಾಗುತ್ತದೆ. ಬಾಗಿಲು ತೆರೆದಿದ್ದ ಆರು ಮನೆಗಳಿಗೆ ಹೋದೆ. ಜಗಲಿಯಿದ್ದ ಮನೆಗಳು, ಹಗೇವಿದ್ದ ಮನೆಗಳು. ಒಂದರಲ್ಲಿ ಕಾಫಿ ಕೊಟ್ಟರು, ಇನ್ನೊಂದರಲ್ಲಿ ಅವರೆಕಾಳಿನ ಉಪ್ಪಿಟ್ಟು. “ಒಸ ರಾಗಿ ಬಂದದೆ, ಗೌರಿ ಅಬ್ಬದ್ಗಂಟ ಚಿಂತೆಯಿಲ್ಲ” ಎಂದರು. ಅವರ ಉತ್ತರಗಳನ್ನು ಮುಳ್ಳು ಅಡ್ಡವಿದ್ದ ಮನೆಗಳ ನಂಬರಿಗೆ ಬರೆದು, ಸಂಜೆ ಬಸ್ಸು ಹಿಡಿದೆ. ಹೆಣ್ಣು ಒಪ್ಪಿಗೆಯಾಯಿತು. ನನಗೆ ಎಲ್ಲಿ ಕೆಲಸ ಎಂದು ಹೆಣ್ಣಿನ ತಂದೆ ಕೇಳಿದಾಗ ಎದೆಯುಬ್ಬಿಸಿ ಹೇಳಿದೆ.

ಹಾಸನಕ್ಕೆ ಬಂದು ಕಾಗದ ಒಪ್ಪಿಸಿದಾಗ ಮೇಷ್ಟ್ರು ತಿರುವಿ ನೋಡಿ, “ಒಂದು ಮನೇನೂ ಮುಚ್ಚಿರಲಿಲ್ವೇನಪ್ಪ?” ಎಂದರು. “ಕೆಲವು ಮುಚ್ಚಿದ್ವು ಮೇಷ್ಟ್ರೇ. ಮೂರು ಸಲ ಹೋದೆ, ಸಿಕ್ಕಿದ್ರು” ಅಂದೆ. ಅವರು ನನ್ನ ಮುಖ ನೋಡಿ ಸಂತೋಷಪಟ್ಟು, “ಹೆಣ್ಣು ಹೇಗಿದೆ?” ಎಂದು ಕೇಳಿದರು. ಆ ಸಂತೋಷ ನನಗೆ ಈಗಲೂ ಚುಚ್ಚುತ್ತದೆ.

ನಮ್ಮ ಲೆಕ್ಕದಂತೆ ಆ ಹಳ್ಳಿಗೆ ಕೊರತೆಯಿರಲಿಲ್ಲ. ಅಲ್ಲಿ ಬರಬೇಕಾಗಿದ್ದ ಡಿಪೋ ದೂರದ ಇನ್ನೊಂದು ಊರಿಗೆ ಹೋಯಿತು. ಯುಗಾದಿ ಕಳೆದು ಕೆಲವು ದಿನಕ್ಕೆ ಮೇಷ್ಟ್ರು ಅರಕಲಗೂಡಿಗೆ ಕೊಟ್ಟಿದ್ದ ತಮ್ಮ ಮಗಳನ್ನು ನೋಡಲು ಹೊರಟವರು, ದಾರಿಯಲ್ಲಿದೆಯೆಂದು ಆ ಹಳ್ಳಿಯಲ್ಲಿ ಇಳಿದಿದ್ದಾರೆ. ಸರಿನೋಡಲು ಹೋದದ್ದಲ್ಲ, ಡಿಪೋ ಇಲ್ಲದೆ ಹೇಗಿದ್ದಾರೆ ಎಂದು ವಿಚಾರಿಸಲು ಹೋದದ್ದು. ಆರು ಬಾಗಿಲುಗಳಲ್ಲಿ ಮುಳ್ಳು ತೆಗೆದಿತ್ತು. ನಂಬರು ನೋಡಿ ಒಬ್ಬಾಕೆಯನ್ನು, “ಎಷ್ಟು ಮುದ್ದೆ ಕಟ್ತೀರವ್ವ?” ಎಂದು ಕೇಳಿದರೆ, “ಯಾವ್ ಮುದ್ದೆ ಸಾ, ನಾವ್ ಸಂಕ್ರಾಂತಿಗ್ ಮುಂಚೆ ಗಟ್ಟಕ್ ಓದವ್ರು, ಬಂದು ನಾಕ್ ದಿನಾಗದೆ. ಕಾಳ್ ತರಕ್ಕೆ ಓಗ್ಬೇಕು ಅಂದ್ರೆ ಮೂರ್ ಅರ್ದಾರಿ ದೂರ ನಡೀಬೇಕು, ಅಲ್ಲೋದ್ರೆ ಮುಗ್ದೋಯ್ತು ಅಂತಾರೆ” ಎಂದಳಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಹಾಸನಕ್ಕೆ ಬಂದವರು ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಒಂದೇ ಮಾತು ಕೇಳಿದರು. “ಆ ಮನೆಗಳಿಗೆ ಹೋಗಿದ್ದೆಯಾ?” ನನಗೆ ಮುಂದಿನ ತಿಂಗಳು ಲಗ್ನ. ಕೆಲಸ ಹೋದರೆ ಮಾವನ ಮನೆಯವರಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು. “ಹೋಗಿದ್ದೆ” ಅಂದೆ. ಅವರು “ಸರಿ, ಹೋಗು” ಎಂದರು.

ಆ ಸಂಜೆಯೇ ಅವರು ಕಚೇರಿಯ ಸಾಹೇಬರಿಗೆ ಕಾಗದ ಬರೆದರು. ಅದರ ನಕಲು ಬಹಳ ದಿನದ ಮೇಲೆ ನನ್ನ ಕೈಗೆ ಸಿಕ್ಕಿತು. ಈ ಹಳ್ಳಿಯ ಉತ್ತರಗಳು ಸರಿಯಿಲ್ಲ, ಸರಿನೋಡಬೇಕಾದ ಹೊಣೆ ನನ್ನದು, ನಾನು ನೋಡಲಿಲ್ಲ, ತಪ್ಪು ನನ್ನದು ಎಂದು ಬರೆದಿದ್ದರು. ನನ್ನ ವಿಷಯ ಒಂದಕ್ಷರವಿರಲಿಲ್ಲ. ವರದಿ ಆಗಲೇ ಮೇಲಕ್ಕೆ ಹೋಗಿತ್ತು. ಅದನ್ನು ತಿದ್ದುವುದೆಂದರೆ ಸಾಹೇಬರು ಎಲ್ಲರ ಮುಂದೆ ತಲೆ ತಗ್ಗಿಸಬೇಕು. ಅವರು ಕೂಗಾಡಿದ್ದು ಹೊರಗೆ ನಮಗೆಲ್ಲ ಕೇಳಿಸಿತು. ಮೇಷ್ಟ್ರ ದನಿ ಒಂದೇ ಸಲ ಕೇಳಿಸಿತು, “ನನ್ನನ್ನ ತೆಗೆದುಹಾಕಿ ಸ್ವಾಮಿ, ಅಂಕಿ ತಿದ್ದಿ” ಎಂದು. ಎರಡೂ ಆಯಿತು, ಮೊದಲನೆಯದು ಮಾರನೆಯ ದಿನವೇ, ಎರಡನೆಯದು ಮಳೆಗಾಲ ಮುಗಿಯುವ ಹೊತ್ತಿಗೆ. ನಾನು ನನ್ನ ಮೇಜಿನ ಮುಂದೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಎದ್ದು ಒಳಗೆ ಹೋಗಲು ಹತ್ತು ಹೆಜ್ಜೆ ಸಾಕಿತ್ತು.

ಹೊರಡುವ ದಿನ ಅವರು ನನಗೆ ಆಶೀರ್ವಾದ ಮಾಡಿ, ಲಗ್ನಕ್ಕೆ ಬರಲಾಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡ ಎಂದರು. ಅವರ ಜಾಗವನ್ನು ಸ್ವಲ್ಪ ದಿನಕ್ಕೆ ನನಗೇ ಕೊಟ್ಟರು. ಬೇಡ ಎನ್ನುವ ಗಂಡಸುತನ ನನಗಿರಲಿಲ್ಲ. ಹೊಸದಾಗಿ ಬಂದ ಹುಡುಗರಿಗೆ ಬದಲಿ ಮನೆ ಹಿಡಿಯಬಾರದು ಎಂದು ನಾನೇ ಪಾಠ ಹೇಳತೊಡಗಿದೆ. ಚೆನ್ನಾಗಿಯೂ ಹೇಳುತ್ತಿದ್ದೆ. ಒಬ್ಬ ಹುಡುಗ ಬದಲಿ ಮನೆ ಹಿಡಿದು ಸಿಕ್ಕಿಬಿದ್ದಾಗ ಅವನನ್ನು ಕೆಲಸದಿಂದ ತೆಗೆಸಿದವನೂ ನಾನೇ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಯುದ್ಧ ಮುಗಿದ ಮೇಲೆ ಒಮ್ಮೆ ಕೆಲಸದ ಮೇಲೆ ಚನ್ನರಾಯಪಟ್ಟಣಕ್ಕೆ ಹೋದವನು ಧೈರ್ಯ ಮಾಡಿ ಅವರ ಮನೆ ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಕೂತು ನಾಲ್ಕು ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡರು. ಹೆಂಡತಿ, ಮಗು, ತಂದೆಯ ಅಂಗಡಿ, ಎಲ್ಲವನ್ನೂ ವಿಚಾರಿಸಿದರು. ಅವರ ಮನೆಯವರು ಬೆಲ್ಲ, ನೀರು ತಂದಿಟ್ಟರು. ಒಂದು ಗಂಟೆ ಹೊತ್ತು ನನ್ನ ಬಾಯಿ ಎಲ್ಲ ಮಾತನ್ನೂ ಆಡಿತು, ಅದೊಂದನ್ನು ಬಿಟ್ಟು. ಎದ್ದು ಚಪ್ಪಲಿ ಮೆಟ್ಟುವಾಗ, “ಮೇಷ್ಟ್ರೇ, ಆ ಹಳ್ಳಿ ವಿಷಯ…” ಎಂದೆ.

ಅವರು ಮಕ್ಕಳನ್ನು ಮನೆಗೆ ಕಳಿಸಿ, ನನ್ನ ಪಕ್ಕದಲ್ಲಿ ನಿಂತರು. “ಗೊತ್ತು ಕಣಪ್ಪ. ಆವತ್ತೇ ಗೊತ್ತಿತ್ತು.”

“ಹಾಗಾದ್ರೆ ಯಾಕೆ ಹೇಳಲಿಲ್ಲ ನೀವು?”

“ನಿನ್ನ ಉತ್ತರಾನ ನಾನು ಬರೀಬಾರದಲ್ಲ. ನನ್ನ ತಪ್ಪನ್ನ ನಾನು ಬರೆದೆ. ಆ ಆರು ಮನೆಗೂ ಹೋಗಿ, ಬರೆದದ್ದು ತಪ್ಪಾಯ್ತು ಅಂತ ಹೇಳಿಬಂದೆ. ಒಂದು ಮನೆಯ ಮುದುಕಿ ಆ ಮಳೆಗಾಲದಲ್ಲಿ ಹೋದಳು. ವಯಸ್ಸಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಹತ್ರ ಏನೂ ಹೇಳಬೇಡ. ನಾನು ಕೇಳೋನಲ್ಲ. ಆ ಮನೆಯವರ ಹತ್ರ ಹೋಗಿ ಹೇಳು, ಸಾಕು” ಎಂದರು.

ನಾನು ಅತ್ತುಬಿಟ್ಟೆ. “ಬರೋ ವಾರವೇ ಹೋಗ್ತೀನಿ ಮೇಷ್ಟ್ರೇ” ಎಂದು ಕಾಲು ಮುಟ್ಟಿ ಮಾತು ಕೊಟ್ಟೆ. ಅವರು ನನ್ನ ಬೆನ್ನು ಸವರಿ, “ಹೋಗು, ನಿನಗೇ ಹಗುರಾಗುತ್ತೆ” ಎಂದರು.

ಬರುವ ವಾರ ಮಗುವಿಗೆ ಜ್ವರ. ಅದರ ಮುಂದಿನ ವಾರ ಮೇಲಿನವರು ಬರುತ್ತಾರೆಂದು ಕಚೇರಿಯಲ್ಲಿ ಗಡಿಬಿಡಿ. ಆಮೇಲೆ ಮಳೆ, ಆಮೇಲೆ ಹಬ್ಬ, ಆಮೇಲೆ ಸ್ವರಾಜ್ಯದ ಸಂಭ್ರಮ. ಮಾವನ ಮನೆಗೆಂದು ಹೊಳೆನರಸೀಪುರಕ್ಕೆ ಹತ್ತಾರು ಸಲ ಹೋದೆ. ಅಲ್ಲಿಂದ ಹಳ್ಳಿಮೈಸೂರು ಎಷ್ಟರ ದೂರ! ಒಂದು ಸಲ ಅರಕಲಗೂಡಿನ ಬಸ್ಸಿನಲ್ಲಿ ಆ ಊರಿನ ದಾರಿಯ ಮುಂದೆಯೇ ಹಾದುಹೋದೆ. ಕಂಡಕ್ಟರು ಊರಿನ ಹೆಸರು ಕೂಗಿ, “ಇಳಿಯೋರಿದ್ದಾರಾ?” ಎಂದ. ನಾನು ಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡೆ. ಆರು ಮನೆಯವರು ನನ್ನನ್ನು ಬಯ್ಯುತ್ತಾರೆಂಬ ಹೆದರಿಕೆಯಲ್ಲ ಅದು. ಬಯ್ಯದೆ ಹೋದರೆ ಏನು ಮಾಡಲಿ ಎಂಬ ಹೆದರಿಕೆ. ಮೇಷ್ಟ್ರು ಇದ್ದಾರಲ್ಲ, ಅವರಿರುವಷ್ಟು ದಿನ ಅವಕಾಶವಿದೆ ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆನೋ ಏನೋ.

ಅವರು ಹೋದ ಸುದ್ದಿ ಕೇಳಿದ ಮಾರನೆಯ ದಿನ ರಜ ಹಾಕಿ ಆ ಹಳ್ಳಿಗೆ ಹೋದೆ. ಆರು ಮನೆಗಳಲ್ಲಿ ಎರಡು ಬಿದ್ದುಹೋಗಿದ್ದವು. ಒಂದರ ಮುಂದೆ ಹೆಂಗಸೊಬ್ಬಳು ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಾ ಕೂತಿದ್ದಳು. ನಲವತ್ತು ದಾಟಿದ ವಯಸ್ಸು. ಚನ್ನರಾಯಪಟ್ಟಣದ ಮೇಷ್ಟ್ರು ಗೊತ್ತೇ ಎಂದು ಕೇಳಿದೆ. “ಗೊತ್ತಿಲ್ದೆ ಏನು ಸಾ” ಎಂದು ಕೂರಲು ಮಣೆ ಹಾಕಿದಳು. ಅವರು ತೀರಿಕೊಂಡರು ಎಂದೆ. ಆಕೆಯ ಕೈ ಮೊರದ ಮೇಲೆ ನಿಂತಿತು. “ಅಯ್ಯೋ ಶಿವ್ನೇ. ಯಾವಾಗ?” ಎಂದಳು. ಹೇಳಿದೆ. ಆಮೇಲೆ ಅದೇ ಉಸಿರಿನಲ್ಲಿ, ಇನ್ನು ತಡೆದರೆ ಎಂದಿಗೂ ಆಗುವುದಿಲ್ಲವೆಂದು, ಹೇಳಬೇಕಾದ್ದನ್ನು ಹೇಳಿದೆ. ಆ ವರ್ಷ ನಿಮ್ಮ ಬಾಗಿಲಿಗೆ ನಂಬರು ಹಾಕಿದವನು ನಾನು, ನೀವಿಲ್ಲದಿದ್ದರೂ ನಿಮ್ಮ ಮನೆಯಲ್ಲಿ ರಾಗಿಯಿದೆ ಎಂದು ಬರೆದವನು ನಾನು, ತಪ್ಪು ಮೇಷ್ಟ್ರದ್ದಲ್ಲ ಎಂದೆ.

ಆಕೆ ಬಯ್ಯಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಂಗಾದ್ರೆ ನೀವೇಯಾ ಆ ವುಡ್ಗ?”

“ಯಾವ ಹುಡುಗ?”

“ಮೇಷ್ಟ್ರು ಮಗ್ಳ ಮನೆಗೆ ಓಗುವಾಗೆಲ್ಲ ಇಲ್ಲಿಳ್ಕಂಡು ಕೇಳೋರು. ‘ನಮ್ಮುಡ್ಗ ಬಂದಿದ್ನೇನವ್ವ?’ ಅಂತ. ಇಲ್ಲ ಸಾ ಅಂದ್ರೆ, ‘ಬತ್ತಾನೆ, ಮಾತ್ ಕೊಟ್ಟವ್ನೆ’ ಅನ್ನೋರು. ಓದ್ ಸಲ ಬಂದಾಗ ಶಾನೆ ಸೊರ್ಗೋಗಿದ್ರು. ಈ ಕಂಬ ಇಡ್ಕಂಡು ನಿಂತ್ಕಂಡು, ಆವಾಗ್ಲೂ ಅದ್ನೇ ಕೇಳುದ್ರು.”

“ನೀವೇನಂದ್ರಿ?”

“ಅಂತವ್ರಿಗೆ ಸುಳ್ಳೇಳಕಾಯ್ತದಾ ಸಾ? ಇನ್ನೂ ಬಂದಿಲ್ಲ ಅಂದೆ.”